ಹಿಡಿದು ಬಿಟ್ಟ ಮೀನಿನ ಬೆಲೆ

ಮೆಕ್ಸಿಕೊದಿಂದ ಪನಾಮಾದವರೆಗೆ ಶಾಂತಸಾಗರದ ದಡಕ್ಕೆ ಹೊಂದಿಕೊಂಡು ಓಡುವ ಬೆಟ್ಟಸಾಲು ಮೂರು ಕಡೆ ತಗ್ಗುತ್ತದೆ: ಮೆಕ್ಸಿಕೊದ ತೆಹುವಾಂಟೆಪೆಕ್‌ನಲ್ಲಿ, ನಿಕರಾಗುವಾದ ಸರೋವರದ ಬಯಲಿನಲ್ಲಿ, ಪನಾಮಾ ಭೂಸಂಧಿಯಲ್ಲಿ. ಡಿಸೆಂಬರಿನಿಂದ ಏಪ್ರಿಲ್‌ವರೆಗಿನ ಒಣ ತಿಂಗಳುಗಳಲ್ಲಿ ಅಟ್ಲಾಂಟಿಕ್ ಕಡೆಯ ಗಾಳಿ ಈ ತಗ್ಗುಗಳಲ್ಲಿ ನುಗ್ಗಿ ಬಂದು ಶಾಂತಸಾಗರದ ಮೇಲ್ನೀರನ್ನು ದಡದಿಂದಾಚೆಗೆ ತಳ್ಳುತ್ತದೆ. ತೆರವಾದ ಜಾಗಕ್ಕೆ ಆಳದ ತಣ್ಣೀರು ಮೇಲೆ ಬರುತ್ತದೆ. ಅದರೊಂದಿಗೆ ಬಂದ ಪೋಷಕಾಂಶಗಳಿಂದ ಪಾಚಿ ಬೆಳೆಯುತ್ತದೆ, ಪಾಚಿಯನ್ನು ನೆಚ್ಚಿ ಸಣ್ಣ ಮೀನುಗಳು ಸೇರುತ್ತವೆ, ಸಣ್ಣ ಮೀನುಗಳ ಬೆನ್ನು ಹತ್ತಿ ಸೈಲ್‌ಫಿಶ್, ಮಾರ್ಲಿನ್, ಟ್ಯೂನಾ, ಡೊರಾಡೊಗಳು ಬರುತ್ತವೆ. ಅವುಗಳ ಹಿಂದೆಯೇ ವಿಮಾನ ಹತ್ತಿ ಪ್ರವಾಸಿಗರು ಬರುತ್ತಾರೆ.

ಗಾಳಿಯೊಂದೇ ಕಾರಣವಲ್ಲ. ಈ ಕಡಲಿನಲ್ಲಿ, ಕೆಲವೆಡೆ ಐವತ್ತು ಮೀಟರು ಇಳಿಯುವಷ್ಟರಲ್ಲೇ, ಆಮ್ಲಜನಕ ತೀರ ಕಡಿಮೆಯಿರುವ ತಣ್ಣನೆಯ ನೀರಿನ ಪದರ ಎದುರಾಗುತ್ತದೆ. ಬಿಡುವಿಲ್ಲದೆ ಈಜುವ, ಅದಕ್ಕಾಗಿ ಬಹಳಷ್ಟು ಆಮ್ಲಜನಕ ಬೇಕಾಗುವ ಸೈಲ್‌ಫಿಶ್‌ಗೆ ಅದರೊಳಗೆ ಹೆಚ್ಚು ಹೊತ್ತು ಇರಲಾಗದು. ಅಟ್ಲಾಂಟಿಕ್‌ನ ಪಶ್ಚಿಮ ಭಾಗದಲ್ಲಿ ಅದರ ನೆಂಟ ಮೀನುಗಳು ಇನ್ನಷ್ಟು ಆಳಕ್ಕೆ ಇಳಿದು ಬರಬಲ್ಲವು. ಇಲ್ಲಿಯ ಸೈಲ್‌ಫಿಶ್‌ನ ಬದುಕೆಲ್ಲ ಮಾತ್ರ ಮೇಲಿನ ತೆಳು ಪದರದಲ್ಲೇ ಕಳೆಯಬೇಕು. ಎರಿಕ್ ಪ್ರಿನ್ಸ್ ಮತ್ತು ಫಿಲಿಪ್ ಗುಡ್‌ಇಯರ್ ಎಂಬ ವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಅಧ್ಯಯನ ಮೀನುಗಳಿಗೆ ಕಟ್ಟಿದ ಉಪಗ್ರಹ ಟ್ಯಾಗ್‌ಗಳ ನೆರವಿನಿಂದ ಇದನ್ನು ತೋರಿಸಿಕೊಟ್ಟಿತು. ಅಂದರೆ ಈ ತೀರದಲ್ಲಿ ಮೀನು ಸಮೃದ್ಧವಾಗಿ ಕಾಣುವುದಕ್ಕೆ ಅದು ಹೆಚ್ಚಿರುವುದಷ್ಟೇ ಕಾರಣವಲ್ಲ, ಇಕ್ಕಟ್ಟಿನಲ್ಲಿರುವುದೂ ಕಾರಣ. ಗಾಳ ಹಾಕುವವನ ಕೈಗೆ ಅದು ಸುಲಭವಾಗಿ ಸಿಗುತ್ತದೆ, ಬಲೆಗೂ ಅಷ್ಟೇ ಸುಲಭವಾಗಿ ಸಿಗುತ್ತದೆ. ಗಾಳದ ಪ್ರವಾಸೋದ್ಯಮದ ಕುರಿತ ಜಗಳಗಳೆಲ್ಲ ಕೊನೆಗೆ ಬಂದು ನಿಲ್ಲುವುದು ಈ ತೆಳು ಪದರದ ಮೇಲೆಯೇ.

ಆ ಪ್ರವಾಸೋದ್ಯಮದ ಊರುಗಳನ್ನು ಉತ್ತರದಿಂದ ದಕ್ಷಿಣಕ್ಕೆ ಹೇಳುತ್ತ ಹೋಗಬಹುದು. ಗ್ವಾಟೆಮಾಲಾದ ಇಸ್ತಾಪಾ, ಕೋಸ್ಟರಿಕಾದ ಎರ್ರದೂರಾ ಕೊಲ್ಲಿಯಲ್ಲಿರುವ ಲೋಸ್ ಸುಯೆನ್ಯೋಸ್, ಅದರ ಕೆಳಗೆ ಕೇಪೋಸ್, ಇನ್ನೂ ಕೆಳಗೆ ಗೊಲ್ಫಿತೊ, ಪನಾಮಾದಲ್ಲಿ ದಾರಿಯೆನ್ ಕಾಡಿನ ಅಂಚಿನ ಪಿನ್ಯಾಸ್ ಕೊಲ್ಲಿ. ಬರುವವರಲ್ಲಿ ಹೆಚ್ಚಿನವರು ಅಮೆರಿಕದವರು. ಮಯಾಮಿಯಿಂದಲೋ ಹ್ಯೂಸ್ಟನ್ನಿಂದಲೋ ಕೆಲವೇ ಗಂಟೆಗಳ ವಿಮಾನ ಪ್ರಯಾಣ, ರಿಸಾರ್ಟಿನಲ್ಲಿ ಮೂರೋ ನಾಲ್ಕೋ ರಾತ್ರಿ, ಹಗಲೆಲ್ಲ ಕಡಲು. ದಡದಿಂದ ದೂರ ಹೋಗುವ ದೋಣಿಯ ಒಂದು ದಿನದ ಬಾಡಿಗೆ ಸಾವಿರ ಡಾಲರಿಗೆ ಮೇಲೆಯೇ. ದೊಡ್ಡ ದೋಣಿಯಾದರೆ ಅದರ ಎರಡು ಮೂರು ಪಟ್ಟು. ಇಷ್ಟು ಕೊಟ್ಟು ಹಿಡಿದ ಸೈಲ್‌ಫಿಶ್‌ನ್ನು ಅಲ್ಲೇ ನೀರಿಗೆ ಬಿಟ್ಟು ಬರಬೇಕು. ಮನೆಗೆ ಒಯ್ಯುವುದಕ್ಕೆ ಒಂದು ಫೋಟೊ, ಊಟಕ್ಕೆ ಬೇಕಾದರೆ ಒಂದು ಡೊರಾಡೊ ಅಥವಾ ಟ್ಯೂನಾ.

ಬೆಳಗಾಗುತ್ತಿದ್ದಂತೆ ದೋಣಿ ಮರೀನಾ ಬಿಡುತ್ತದೆ. ದಡದ ಹಸಿರು ನೀರು ದಾಟಿ ನೀಲಿ ನೀರು ಸಿಗಬೇಕಾದರೆ ಇಪ್ಪತ್ತು ಮೂವತ್ತು ಮೈಲಿ ಓಡಬೇಕಾದೀತು. ಅಷ್ಟರೊಳಗೆ ದೋಣಿಯ ಸಹಾಯಕ, ಅಲ್ಲಿಯವರ ಬಾಯಲ್ಲಿ ಮರಿನೆರೊ, ಐಸ್ ಪೆಟ್ಟಿಗೆಯಿಂದ ಬ್ಯಾಲಿಹೂ ಎಂಬ ಚೂಪು ಮೂತಿಯ ಸಣ್ಣ ಮೀನುಗಳನ್ನು ತೆಗೆದು ಒಂದೊಂದನ್ನೇ ಮೇಣದ ದಾರದಿಂದ ಬಿಗಿದು ಎರೆ ಸಿದ್ಧ ಮಾಡಿರುತ್ತಾನೆ. ನೀಲಿ ನೀರಿಗೆ ಬಂದ ಮೇಲೆ ದೋಣಿಯ ವೇಗ ತಗ್ಗಿಸಿ ಹಿಂದೆ ಟೀಸರ್‌ಗಳನ್ನು ಇಳಿಬಿಡುತ್ತಾರೆ. ಇವು ಪ್ಲಾಸ್ಟಿಕ್ ಬೊಂಡಾಸುಗಳ ಸರ; ಇವಕ್ಕೆ ಕೊಕ್ಕೆಯೇ ಇರುವುದಿಲ್ಲ. ಗುಂಪಾಗಿ ಓಡುತ್ತಿರುವ ಬೊಂಡಾಸುಗಳೆಂದೇ ಭ್ರಮಿಸಿ ಸೈಲ್‌ಫಿಶ್ ಮೇಲಕ್ಕೆ ಬರುತ್ತದೆ. ಮೊದಲು ನೀರಿನೊಳಗೆ ಕಂದು ನೆರಳೊಂದು ಕಾಣುತ್ತದೆ, ಆಮೇಲೆ ಈಟಿಯಂಥ ಮೂತಿ ನೀರು ಸೀಳಿ ಟೀಸರಿಗೆ ಎಡಬಲ ಬಡಿಯುತ್ತದೆ. ಆಗ ಕ್ಯಾಪ್ಟನ್ ಮೇಲಿನಿಂದ ಕೂಗುತ್ತಾನೆ, ಮರಿನೆರೊ ಟೀಸರನ್ನು ಸರಸರನೆ ದೋಣಿಯತ್ತ ಎಳೆದುಕೊಳ್ಳುತ್ತಾನೆ, ಪ್ರವಾಸಿ ಅದೇ ಜಾಗಕ್ಕೆ ತನ್ನ ಎರೆಯನ್ನು ಬಿಡುತ್ತಾನೆ. ಬಾಯಿಗೆ ಬಂದದ್ದು ತಪ್ಪಿಹೋಯಿತೆಂದು ಕೆರಳಿದ ಮೀನು ತಿರುಗಿ ಇದನ್ನು ಕಚ್ಚುತ್ತದೆ.

ಹೊಸಬರು ಸಾಮಾನ್ಯವಾಗಿ ತಪ್ಪುವುದು ಈ ಕ್ಷಣದಲ್ಲೇ. ಮೀನು ಕಚ್ಚಿತೆಂದು ತಿಳಿದ ಕೂಡಲೇ ಕೋಲನ್ನು ಮೇಲಕ್ಕೆ ಸೆಳೆಯುವುದು ಗಾಳ ಹಿಡಿದವರೆಲ್ಲರ ಕೈಗೆ ಹತ್ತಿದ ಚಾಳಿ. ಇಲ್ಲಿ ಹಾಗೆ ಮಾಡಕೂಡದು. ರೀಲಿನ ಬಿಗಿ ಸಡಿಲಿಸಿ, ಹೆಬ್ಬೆರಳಿನಿಂದ ದಾರವನ್ನು ಹದವಾಗಿ ತಡೆಯುತ್ತ, ಮೀನು ಎರೆಯನ್ನು ನುಂಗಿ ತಿರುಗಿಕೊಂಡು ಹೊರಡುವವರೆಗೆ ಮೂರೋ ನಾಲ್ಕೋ ಎಣಿಸಿ ಕಾಯಬೇಕು. ಆಮೇಲೆ ರೀಲಿನ ಹಿಡಿಯನ್ನು ಮೆಲ್ಲನೆ ಮುಂದಕ್ಕೆ ತಳ್ಳಿ ದಾರ ತಾನಾಗಿ ಬಿಗಿಯಲು ಬಿಡಬೇಕು. ಬಳಸುವ ಕೊಕ್ಕೆ ಸರ್ಕಲ್ ಹುಕ್. ಅದರ ತುದಿ ಹೊರಗೆ ನೋಡದೆ ಒಳಕ್ಕೆ, ತನ್ನದೇ ಕಾಂಡದತ್ತ ಬಾಗಿರುತ್ತದೆ. ಆದ್ದರಿಂದ ಅದು ಗಂಟಲಲ್ಲಿ ನಾಟದೆ ಜಾರಿ ಬಂದು, ದವಡೆಯ ಮೂಲೆ ಸಿಕ್ಕಾಗ ತಿರುಗಿ ಕಚ್ಚಿಕೊಳ್ಳುತ್ತದೆ. ಅವಸರ ಮಾಡಿ ಎಳೆದರೆ ಹಾಗೇ ಬಾಯಿಯಿಂದ ಹೊರಗೆ ಬಂದುಬಿಡುತ್ತದೆ. ಆ ಕೆಲವು ಕ್ಷಣಗಳ ತಾಳ್ಮೆಯ ಮೇಲೆ ಮೀನು ಬದುಕುತ್ತದೋ ಸಾಯುತ್ತದೋ ಎಂಬುದು ನಿಂತಿದೆ. ಈ ಇಡೀ ವಿಷಯದಲ್ಲಿ ನನಗೆ ಅತ್ಯಂತ ಮಹತ್ವದ್ದಾಗಿ ಕಾಣುವುದು ಅದೇ.

ದಾರ ಬಿಗಿದ ಮೇಲೆ ಮೀನು ಮತ್ತೆ ಮತ್ತೆ ಗಾಳಿಗೆ ಚಿಮ್ಮುತ್ತದೆ. ಬೆನ್ನ ಮೇಲಿನ ಹಾಯಿ ಬಿಚ್ಚಿಕೊಂಡು, ಮೈಯೆಲ್ಲ ಕಡುನೀಲಿಗೆ ತಿರುಗಿ, ಪಕ್ಕೆಯ ಪಟ್ಟೆಗಳು ಹೊಳೆಯುತ್ತವೆ. ಸೋತು ಪಕ್ಕಕ್ಕೆ ಬಂದಾಗ ಮರಿನೆರೊ ಮೊದಲು ದಾರದ ತುದಿಯ ದಪ್ಪ ಭಾಗವನ್ನು ಹಿಡಿಯುತ್ತಾನೆ. ಲೆಕ್ಕಕ್ಕೆ ಅಲ್ಲಿಗೇ ಮೀನು ಹಿಡಿದಂತಾಯಿತು. ಗವುಸು ಹಾಕಿದ ಕೈಯಿಂದ ಮೂತಿ ಹಿಡಿದು ಕೊಕ್ಕೆ ಬಿಡಿಸುತ್ತಾನೆ, ಇಲ್ಲವೇ ದಾರವನ್ನೇ ಕತ್ತರಿಸುತ್ತಾನೆ. ಮೀನು ತೀರ ದಣಿದಿದ್ದರೆ ದೋಣಿಯನ್ನು ನಿಧಾನವಾಗಿ ಮುಂದಕ್ಕೆ ನಡೆಸುತ್ತ ಅದರ ಕಿವಿರುಗಳಲ್ಲಿ ನೀರು ಹರಿಸಿ, ಕಸುವು ಬಂದದ್ದು ಕೈಗೆ ತಿಳಿದ ಮೇಲೆ ಬಿಡುತ್ತಾನೆ. ಪ್ರವಾಸಿಯ ಪಾತ್ರ ಕೋಲು ಹಿಡಿಯುವುದಷ್ಟೇ. ವಿದ್ಯೆಯೆಲ್ಲ ಈ ಕೈಗಳಲ್ಲಿದೆ.

ಬಿಡುವ ಈ ಪದ್ಧತಿ ಹಳೆಯದಲ್ಲ. ಕಡಲಿನ ದೊಡ್ಡ ಮೀನನ್ನು ಕೋಲು, ರೀಲು ಹಿಡಿದು ಆಡಿಸುವ ಹವ್ಯಾಸಕ್ಕೆ ನಿಯಮ ಬರೆದ ಮೊದಲಿಗರಲ್ಲಿ ಕ್ಯಾಲಿಫೋರ್ನಿಯಾದ ಕ್ಯಾಟಲೀನಾ ದ್ವೀಪದಲ್ಲಿ 1898ರಲ್ಲಿ ಹುಟ್ಟಿದ ಟ್ಯೂನಾ ಕ್ಲಬ್ ಸೇರಿದೆ. ಕಾದಂಬರಿಕಾರ ಜೇನ್ ಗ್ರೇ ತನ್ನ ಪುಸ್ತಕಗಳ ಸಂಪಾದನೆಯನ್ನು ನ್ಯೂಜಿಲೆಂಡ್, ತಾಹಿತಿಗಳ ಕಡಲಿನಲ್ಲಿ ಖರ್ಚು ಮಾಡಿದ. ಹೆಮಿಂಗ್ವೇ 1930ರ ದಶಕದಲ್ಲಿ ಬಿಮಿನಿ ಮತ್ತು ಕ್ಯೂಬಾದ ನೀರಿನಲ್ಲಿ ಮಾರ್ಲಿನ್ ಬೆನ್ನಟ್ಟಿದ. ಅಂತರರಾಷ್ಟ್ರೀಯ ದಾಖಲೆಗಳನ್ನು ಕಾಯ್ದಿಡುವ ಇಂಟರ್‌ನ್ಯಾಷನಲ್ ಗೇಮ್ ಫಿಶ್ ಅಸೋಸಿಯೇಷನ್ ಹುಟ್ಟಿದ್ದು 1939ರಲ್ಲಿ. ಆ ಕಾಲದ ಫೋಟೊಗಳೆಲ್ಲ ಒಂದೇ ಬಗೆಯವು: ದಡದಲ್ಲಿ ಮರದ ಕಂಬ, ಬಾಲಕ್ಕೆ ಹಗ್ಗ ಕಟ್ಟಿ ತಲೆಕೆಳಗಾಗಿ ನೇತುಹಾಕಿದ ಮೀನು, ಪಕ್ಕದಲ್ಲಿ ಕೋಲು ಹಿಡಿದ ಮನುಷ್ಯ.

ಪೆರುವಿನ ಕಾಬೊ ಬ್ಲಾಂಕೊ ಆ ಯುಗದ ಶಿಖರ. ಅಲ್ಲಿಯ ಫಿಶಿಂಗ್ ಕ್ಲಬ್ಬಿನಿಂದ ಹೊರಟ ಆಲ್ಫ್ರೆಡ್ ಗ್ಲಾಸೆಲ್ 1953ರ ಆಗಸ್ಟ್ 4ರಂದು ಹಿಡಿದ ಕಪ್ಪು ಮಾರ್ಲಿನ್ 1,560 ಪೌಂಡ್, ಅಂದರೆ 707 ಕಿಲೋಗೂ ಮೇಲೆ ತೂಗಿತು. ಆ ದಾಖಲೆಯನ್ನು ಈವರೆಗೆ ಯಾರೂ ಮುರಿದಿಲ್ಲ. ಆದರೆ ಆ ಕ್ಲಬ್ಬಿನ ವೈಭವ ಎರಡು ದಶಕವೂ ಉಳಿಯಲಿಲ್ಲ. ದೊಡ್ಡ ಮೀನುಗಳು ಅಲ್ಲಿಗೆ ಬರುತ್ತಿದ್ದುದು ಅಂಚೊವೆಟಾ ಎಂಬ ಸಣ್ಣ ಮೀನಿನ ರಾಶಿ ಹುಡುಕಿಕೊಂಡು. ಪೆರುವಿನ ಮೀನುಹಿಟ್ಟಿನ ಕಾರ್ಖಾನೆಗಳು ಅದನ್ನು ಮಿತಿಮೀರಿ ಬಾಚಿದವು, 1972ರ ಎಲ್ ನಿನ್ಯೊ ಬಂದು ಆ ಮೀನುಗಾರಿಕೆಯೇ ಕುಸಿದುಬಿತ್ತು. ಪ್ರವಾಸಿಗಳ ಗಾಳದಿಂದ ಕಾಬೊ ಬ್ಲಾಂಕೊ ಹಾಳಾಯಿತೆಂದು ಯಾರೂ ಹೇಳಲಾರರು. ಹಾಗೆಯೇ ಅಲ್ಲಿಯ ಕ್ಲಬ್ಬಿನ ಶ್ರೀಮಂತರಿಂದ ಆ ಕಡಲನ್ನು ಉಳಿಸಿಕೊಳ್ಳುವುದೂ ಆಗಲಿಲ್ಲ.

ಪನಾಮಾದ ಪಿನ್ಯಾಸ್ ಕೊಲ್ಲಿಯ ಕತೆ ಇದಕ್ಕಿಂತ ದೀರ್ಘವಾಗಿದೆ. 1960ರ ದಶಕದ ಆರಂಭದಲ್ಲಿ ಟೆಕ್ಸಸ್‌ನ ಒಬ್ಬ ಎಣ್ಣೆ ಉದ್ಯಮಿ ಕಟ್ಟಿಸಿದ ಟ್ರಾಪಿಕ್ ಸ್ಟಾರ್ ಲಾಡ್ಜ್‌ಗೆ ಇಂದಿಗೂ ರಸ್ತೆಯಿಲ್ಲ. ಸಣ್ಣ ವಿಮಾನದಲ್ಲಿ ಇಳಿಯಬೇಕು, ಇಲ್ಲವೇ ಕಡಲಿನ ದಾರಿ. ದಡದಿಂದ ಕೆಲವೇ ಮೈಲಿ ಆಚೆ, ನೀರಿನಡಿಯ ಬಂಡೆಗುಡ್ಡಕ್ಕೆ ಜೇನ್ ಗ್ರೇ ಹೆಸರಿದೆ. ಆ ಗುಡ್ಡದ ಸುತ್ತ ಟ್ಯೂನಾ ಮರಿಗಳು ತುಂಬಿ, ಅವುಗಳಿಗಾಗಿ ಕಪ್ಪು ಮಾರ್ಲಿನ್ ಬರುತ್ತವೆ. ಈ ಒಂದು ಲಾಡ್ಜಿನಿಂದ ಹೊರಟವರ ಹೆಸರಿನಲ್ಲಿ 300ಕ್ಕೂ ಹೆಚ್ಚು ವಿಶ್ವದಾಖಲೆಗಳಿವೆ. ದಾಖಲೆಗೆ ಮೀನನ್ನು ತೂಗಬೇಕು, ತೂಗಬೇಕಾದರೆ ಕೊಲ್ಲಬೇಕು ಎಂಬುದು ಬಹುಕಾಲ ನಡೆದ ನಿಯಮ. 2011ರಲ್ಲಿ ಗೇಮ್ ಫಿಶ್ ಅಸೋಸಿಯೇಷನ್ನೇ ಉದ್ದ ಅಳೆದು ಜೀವಂತ ಬಿಟ್ಟ ಮೀನಿಗೂ ದಾಖಲೆ ಕೊಡುವ ವಿಭಾಗ ತೆರೆಯಿತು. ಇಷ್ಟು ಸರಳ ತಿದ್ದುಪಡಿಗೆ ಎಪ್ಪತ್ತು ವರ್ಷ ಹಿಡಿಯಬೇಕಿರಲಿಲ್ಲ.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಬಿಟ್ಟ ಮೀನು ಬದುಕುತ್ತದೆಯೇ? ದೋಣಿಯಿಂದ ಈಜಿಕೊಂಡು ಹೋದದ್ದನ್ನು ನೋಡಿ ಬದುಕಿತೆಂದು ನಂಬುವುದು ಸುಲಭ. ಅಟ್ಲಾಂಟಿಕ್‌ನ ಬಿಳಿ ಮಾರ್ಲಿನ್‌ಗಳ ಮೇಲೆ ಹೊರೊಡಿಸ್ಕಿ ಮತ್ತು ಗ್ರೇವ್ಸ್ ನಡೆಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನ ನಂಬಿಕೆಯ ಜಾಗಕ್ಕೆ ಲೆಕ್ಕ ತಂದಿತು. ಬಿಡುವ ಮುನ್ನ ಮೀನಿಗೆ ಉಪಗ್ರಹ ಟ್ಯಾಗ್ ಚುಚ್ಚಿ, ಮುಂದಿನ ದಿನಗಳಲ್ಲಿ ಅದು ಈಜುತ್ತಿದೆಯೋ ತಳಕ್ಕೆ ಮುಳುಗಿತೋ ಎಂದು ನೋಡಿದರು. ಸರ್ಕಲ್ ಹುಕ್ಕಿನಿಂದ ಹಿಡಿದು ಬಿಟ್ಟವು ಅಷ್ಟೂ ಬದುಕಿದವು. ಹಳೆಯ ಜೆ ಆಕಾರದ ಕೊಕ್ಕೆಯಿಂದ ಹಿಡಿದವುಗಳಲ್ಲಿ ಬದುಕಿದ್ದು ಶೇ 65. ಕೊಕ್ಕೆಯ ಬಾಗಿನಲ್ಲಿ ಇಷ್ಟು ವ್ಯತ್ಯಾಸ. ಇದಕ್ಕೂ ಮುಂಚೆ, 2002ರಲ್ಲಿ ಪ್ರಕಟವಾದ, ಗ್ವಾಟೆಮಾಲಾದ ಇಸ್ತಾಪಾದಲ್ಲಿ ಸೈಲ್‌ಫಿಶ್ ಮೇಲೆ ನಡೆದ ಹೋಲಿಕೆಯೂ ಜೆ ಹುಕ್ಕಿನಿಂದ ರಕ್ತಸ್ರಾವ ಹಲವು ಪಟ್ಟು ಹೆಚ್ಚೆಂದು ತೋರಿಸಿತ್ತು. ಆ ಪ್ರಯೋಗ ಸಾಧ್ಯವಾದದ್ದು ಅಲ್ಲಿಯ ಬಾಡಿಗೆ ದೋಣಿಗಳ ಕ್ಯಾಪ್ಟನ್‌ಗಳು 1990ರ ದಶಕದಲ್ಲೇ ಈ ಕೊಕ್ಕೆಯನ್ನು ಒಲಿದು ಬಳಸತೊಡಗಿದ್ದರಿಂದ. ಅಮೆರಿಕ ತನ್ನ ಅಟ್ಲಾಂಟಿಕ್ ಪಂದ್ಯಾವಳಿಗಳಲ್ಲಿ ನಿಜವಾದ ಎರೆಗೆ ಸರ್ಕಲ್ ಹುಕ್ಕನ್ನೇ ಕಡ್ಡಾಯ ಮಾಡಿದ್ದು 2008ರಲ್ಲಿ.

ಕೊಕ್ಕೆ ಸರಿಯಿದ್ದರೂ ಉಳಿದದ್ದೆಲ್ಲ ಸರಿಯಿರಬೇಕು. ಬಹಳ ತೆಳುವಾದ ದಾರದಿಂದ ಗಂಟೆಗಟ್ಟಲೆ ಎಳೆದಾಡಿಸಿದರೆ ಮೀನಿನ ಸ್ನಾಯುವಿನಲ್ಲಿ ಆಮ್ಲ ತುಂಬುತ್ತದೆ. ಫೋಟೊಗಾಗಿ ಎತ್ತಿ ತೊಡೆಯ ಮೇಲೆ ಮಲಗಿಸಿಕೊಂಡರೆ ಕಿವಿರು ಒಣಗುತ್ತದೆ, ನೀರಿನ ಆಸರೆಯಿಲ್ಲದೆ ಅದರ ತೂಕವೇ ಒಳಗಿನ ಅಂಗಗಳ ಮೇಲೆ ಬೀಳುತ್ತದೆ. ಕೋಸ್ಟರಿಕಾ ಸೈಲ್‌ಫಿಶ್‌ನ್ನು ನೀರಿನಿಂದ ಹೊರಗೆತ್ತುವುದನ್ನೇ ನಿಷೇಧಿಸಿದೆ. ನನ್ನ ಮಟ್ಟಿಗೆ ಇದು ಆ ದೇಶದ ಗಾಳದ ನಿಯಮಗಳಲ್ಲೆಲ್ಲ ಅತ್ಯಂತ ವಿವೇಕದ್ದು. ಮೀನಿನ ಜೊತೆ ಫೋಟೊ ಬೇಕೆಂದರೆ ಮನುಷ್ಯ ನೀರಿನ ಕಡೆಗೆ ಬಾಗಲಿ.

ಹಾಗಾದರೆ ಹಿಡಿದವರೆಲ್ಲ ಬಿಡುವ ಕಡಲಿನಲ್ಲಿ ಮೀನು ಹೆಚ್ಚಬೇಕಲ್ಲ? ಹೆಚ್ಚಿಲ್ಲ. ಮಯಾಮಿ ವಿಶ್ವವಿದ್ಯಾಲಯದ ನೆಲ್ಸನ್ ಎರ್ಹಾರ್ಟ್ ಮತ್ತು ಮಾರ್ಕ್ ಫಿಚೆಟ್ ಮಧ್ಯ ಅಮೆರಿಕದ ಸೈಲ್‌ಫಿಶ್ ಬಗ್ಗೆ 2006ರಲ್ಲಿ ಕೊಟ್ಟ ವರದಿಯ ಪ್ರಕಾರ, 1960ರ ದಶಕದ ಮಧ್ಯದಿಂದ ಆ ಹೊತ್ತಿಗೆ ಮೀನಿನ ಸಾಂದ್ರತೆ ಸುಮಾರು ಶೇ 80ರಷ್ಟು ಇಳಿದಿತ್ತು. ದೊಡ್ಡ ಮೀನುಗಳ ಗಾತ್ರವೂ ಕುಗ್ಗಿತ್ತು. ಕಾರಣ ಗಾಳದ ಪ್ರವಾಸಿಯಲ್ಲ. ಮೈಲುಗಟ್ಟಲೆ ದಾರಕ್ಕೆ ಸಾಲಾಗಿ ಕೊಕ್ಕೆ ಕಟ್ಟಿ ತೇಲಿಬಿಡುವ ಲಾಂಗ್‌ಲೈನ್ ದೋಣಿಗಳು, ಟ್ಯೂನಾ ಹಿಂಡನ್ನೇ ಸುತ್ತುಗಟ್ಟಿ ಎತ್ತುವ ಪರ್ಸೀನ್ ಹಡಗುಗಳು. ನಮ್ಮ ಮಲ್ಪೆ, ಮಂಗಳೂರಿನವರಿಗೆ ಪರ್ಸೀನ್ ಬಲೆಯ ಜಗಳ ಹೊಸದೇನಲ್ಲ. ಆ ಕಡಲಿನ ಹಡಗುಗಳು ನಮ್ಮವಕ್ಕಿಂತ ಬಹುದೊಡ್ಡವು, ಅನೇಕವು ಬೇರೆ ದೇಶದ ಬಾವುಟದವು. ಲಾಂಗ್‌ಲೈನಿನವರು ಸೈಲ್‌ಫಿಶ್ ಹುಡುಕಿಕೊಂಡು ಹೋಗುವುದಿಲ್ಲ. ಅವರಿಗೆ ಬೇಕಾದದ್ದು ಡೊರಾಡೊ ಮತ್ತು ಟ್ಯೂನಾ. ಆದರೆ ಎಲ್ಲವೂ ಮೇಲಿನ ಅದೇ ತೆಳು ಪದರದಲ್ಲಿ ಇರುವುದರಿಂದ ಸೈಲ್‌ಫಿಶ್ ಕೂಡ ಕಚ್ಚುತ್ತದೆ, ದಡದ ಮಾರುಕಟ್ಟೆಯಲ್ಲಿ ಅಗ್ಗಕ್ಕೆ ಮಾರಾಟವಾಗುತ್ತದೆ.

ಸರ್ಕಾರಗಳು ಕಣ್ಣು ತೆರೆದದ್ದು ಈ ಪ್ರವಾಸದ ಹಣ ಕಂಡ ಮೇಲೆ. ಬಿಲ್‌ಫಿಶ್ ಫೌಂಡೇಶನ್ ಮಾಡಿಸಿದ, ಕೋಸ್ಟರಿಕಾ ವಿಶ್ವವಿದ್ಯಾಲಯದವರು ಸೇರಿ ನಡೆಸಿದ ಅಧ್ಯಯನ 2008ರಲ್ಲಿ ಗಾಳದ ಪ್ರವಾಸದಿಂದ ಆ ದೇಶದ ಆರ್ಥಿಕತೆಗೆ ಸುಮಾರು 60 ಕೋಟಿ ಡಾಲರು ಬಂತೆಂದಿತು. ರಾಷ್ಟ್ರೀಯ ಉತ್ಪನ್ನದ ಶೇ 2ರಷ್ಟು. ಮಾಡಿಸಿದವರು ಗಾಳಗಾರರ ಪರವಾದ ಸಂಸ್ಥೆ ಎಂಬುದನ್ನು ನೆನಪಿನಲ್ಲಿಟ್ಟೇ ಈ ಅಂಕಿಯನ್ನು ಓದಬೇಕು. ಸಮುದ್ರ ನೋಡಲೆಂದೇ ಬಂದು ಒಂದು ದಿನ ಗಾಳ ಹಾಕಿದವನ ಹೋಟೆಲ್ ಬಿಲ್ಲಿನಲ್ಲಿ ಎಷ್ಟು ಪಾಲು ಮೀನಿನದು ಎಂಬುದು ಯಾವತ್ತೂ ಸಡಿಲ ಲೆಕ್ಕ. ಆದರೂ ಆ ಅಂಕಿ ರಾಜಧಾನಿ ಸ್ಯಾನ್ ಹೋಸೆಯ ಕಚೇರಿಗಳಲ್ಲಿ ಕೆಲಸ ಮಾಡಿತು. ಕೋಸ್ಟರಿಕಾ 2014ರ ಆದೇಶದಲ್ಲಿ ಟ್ಯೂನಾ ಪರ್ಸೀನ್ ಹಡಗುಗಳನ್ನು ದಡದಿಂದ 45 ನಾಟಿಕಲ್ ಮೈಲಿ ಆಚೆಗೆ ಕಳಿಸಿತು. ಗ್ವಾಟೆಮಾಲಾ 2002ರ ಮೀನುಗಾರಿಕೆ ಕಾನೂನಿನಲ್ಲೇ ಸೈಲ್‌ಫಿಶ್‌ನ್ನು ಹಿಡಿದು ಬಿಡುವ ಗಾಳಕ್ಕೆ ಮಾತ್ರ ಮೀಸಲಿಟ್ಟಿತ್ತು. ಮೆಕ್ಸಿಕೊದಲ್ಲಿ ದಡದಿಂದ 50 ನಾಟಿಕಲ್ ಮೈಲಿಯೊಳಗೆ ಮಾರ್ಲಿನ್, ಸೈಲ್‌ಫಿಶ್, ಡೊರಾಡೊ, ರೂಸ್ಟರ್‌ಫಿಶ್ ಮುಂತಾದವು ಹವ್ಯಾಸಿಗಳಿಗೇ ಮೀಸಲು. ಅಮೆರಿಕ 2012ರಲ್ಲಿ ಈಟಿಮೂತಿಯ ಮೀನುಗಳ ಆಮದು, ಮಾರಾಟಕ್ಕೆ ತಡೆ ಹಾಕಿ ದೊಡ್ಡ ಮಾರುಕಟ್ಟೆಯೊಂದನ್ನು ಮುಚ್ಚಿತು.

ಮೆಕ್ಸಿಕೊದ ಡೊರಾಡೊ ನಿಯಮದ ಬಗ್ಗೆ ಸ್ವಲ್ಪ ನಿಂತು ಯೋಚಿಸಬೇಕು. ಸೈಲ್‌ಫಿಶ್ ಮಾಂಸ ಗಟ್ಟಿ, ಬೆಲೆ ಕಡಿಮೆ. ಅದನ್ನು ಬಿಟ್ಟುಕೊಟ್ಟರೆ ದಡದ ಮೀನುಗಾರನಿಗೆ ಆಗುವ ನಷ್ಟ ಸಣ್ಣದು. ಡೊರಾಡೊ ಹಾಗಲ್ಲ. ಅದು ವರ್ಷದೊಳಗೆ ಬಲಿತು ಮರಿಮಾಡುವ, ಬೇಗ ಬೆಳೆಯುವ, ಊಟದ ತಟ್ಟೆಯಲ್ಲಿ ಬೇಡಿಕೆಯಿರುವ ಮೀನು. ಹೊರಗಿನಿಂದ ಬಂದ ಹವ್ಯಾಸಿ ಅದನ್ನು ಹಿಡಿದು ರಿಸಾರ್ಟಿನ ಅಡುಗೆಮನೆಗೆ ಕೊಡಬಹುದು, ಪಕ್ಕದ ಹಳ್ಳಿಯವನು ಅದೇ ನೀರಿನಲ್ಲಿ ಹಿಡಿದು ಮಾರುವಂತಿಲ್ಲ ಎಂದರೆ ಆ ಕಾನೂನನ್ನು ಆ ಹಳ್ಳಿ ಏಕೆ ಗೌರವಿಸಬೇಕು? ಕಳ್ಳತನದಲ್ಲಿ ಹಿಡಿದು ಮಾರುವುದು ಅಲ್ಲಿ ನಿಂತಿಲ್ಲ. ಗಾಳದ ಪ್ರವಾಸಕ್ಕೆ ಕಡಲನ್ನು ಕಾಯುವ ಶಕ್ತಿಯಿದೆ ಎಂದು ನಾನು ನಂಬುತ್ತೇನೆ. ಆದರೆ ಅದರ ಹಣ ದಡದ ಮೀನುಗಾರನ ಮನೆಗೆ ಎಷ್ಟು ತಲುಪುತ್ತದೋ ಅಷ್ಟೇ ಅದರ ಶಕ್ತಿ. ಹಣ ಅಲ್ಲಿಗೆ ತಲುಪದ ಕಡೆ ಕಾನೂನು ಬರಿಯ ಬೇಲಿಯಾಗುತ್ತದೆ.

ಕೇಪೋಸ್ ಮತ್ತು ಗೊಲ್ಫಿತೊ ಈ ಮಾತನ್ನು ಪರೀಕ್ಷಿಸಲು ಒಳ್ಳೆಯ ಜಾಗಗಳು. ಎರಡೂ ಬಾಳೆಹಣ್ಣಿನ ಬಂದರುಗಳಾಗಿದ್ದವು. ಯುನೈಟೆಡ್ ಫ್ರೂಟ್ ಕಂಪನಿ ತೋಟ, ರೈಲು, ಆಸ್ಪತ್ರೆ, ಕೆಲಸಗಾರರ ಮನೆಗಳನ್ನೆಲ್ಲ ಕಟ್ಟಿತು. ಬಾಳೆಗೆ ಪನಾಮಾ ರೋಗ ಬಿದ್ದು ಕೇಪೋಸ್‌ನ ತೋಟಗಳು ತಾಳೆಎಣ್ಣೆಗೆ ಬದಲಾದವು. ಗೊಲ್ಫಿತೊದಿಂದ ಕಂಪನಿ 1985ರಲ್ಲಿ ಹೊರಟೇಹೋಯಿತು. ಒಂದೇ ಒಡೆಯನನ್ನು ನೆಚ್ಚಿ ಬದುಕಿದ ಊರುಗಳು ಅವು. ಆ ಶೂನ್ಯಕ್ಕೆ ಬಂದದ್ದು ಗಾಳದ ದೋಣಿ. ಕ್ಯಾಪ್ಟನ್, ಮರಿನೆರೊ, ಎಂಜಿನ್ ಮೆಕ್ಯಾನಿಕ್, ಎರೆ ಮಾರುವವನು, ಹಿಡಿದ ಟ್ಯೂನಾ ಬೇಯಿಸಿ ಬಡಿಸುವ ಹೋಟೆಲಿನವಳು, ಇವರೆಲ್ಲರಿಗೂ ಅದರಿಂದ ಅನ್ನ ಸಿಕ್ಕಿದೆ. ದೊಡ್ಡ ಮರೀನಾ, ದೊಡ್ಡ ದೋಣಿಗಳ ಒಡೆತನದಲ್ಲಿ ಮಾತ್ರ ಹೊರಗಿನ ಬಂಡವಾಳದ್ದೇ ಮೇಲುಗೈ. ಮರಿನೆರೊನ ದಿನಗೂಲಿ ಚಿಕ್ಕದು, ಪ್ರವಾಸಿ ಕೊಡುವ ಟಿಪ್ಸ್ ಅದಕ್ಕಿಂತ ಮುಖ್ಯ. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಬಿಡುವಿಲ್ಲದ ಕೆಲಸ, ಮಳೆ ಹಿಡಿದ ಮೇಲೆ ಕೈ ಖಾಲಿ.

ಗೊಲ್ಫಿತೊ ನಿಂತಿರುವ ಗೊಲ್ಫೊ ದುಲ್ಸೆ ಕೊಲ್ಲಿಯಲ್ಲಿ ಇನ್ನೊಂದು ದಾರಿಯೂ ಕಾಣುತ್ತದೆ. 2010ರಲ್ಲಿ ಇಡೀ ಕೊಲ್ಲಿಯನ್ನು ಜವಾಬ್ದಾರಿಯುತ ಮೀನುಗಾರಿಕೆಯ ವಲಯವೆಂದು ಘೋಷಿಸಿ ಸೀಗಡಿ ಟ್ರಾಲರ್‌ಗಳನ್ನು ಹೊರಗಿಟ್ಟರು. ಒಳಗೆ ಕೈದಾರದಿಂದ ಹಿಡಿಯುವ ಊರಿನ ಮೀನುಗಾರರಿದ್ದಾರೆ, ದಡದ ಬಂಡೆಗಳ ಬಳಿ ರೂಸ್ಟರ್‌ಫಿಶ್ ಹುಡುಕುವ ಪ್ರವಾಸಿಗಳೂ ಇದ್ದಾರೆ. ರೂಸ್ಟರ್‌ಫಿಶ್ ಹಿಡಿಯಲು ಮೂವತ್ತು ಮೈಲಿ ಓಡುವ ದೊಡ್ಡ ದೋಣಿ ಬೇಡ. ಪಾಂಗಾ ಎನ್ನುವ ಸಣ್ಣ ಫೈಬರ್ ದೋಣಿ, ಒಂದು ಹೊರಎಂಜಿನ್ ಸಾಕು. ಅದು ಊರಿನವನಿಗೂ ಎಟುಕುವ ಬಂಡವಾಳ. ಗಾಳದ ಪ್ರವಾಸ ದಡಕ್ಕೆ ಹತ್ತಿರವಾದಷ್ಟೂ ಅದರ ಹಣವೂ ದಡಕ್ಕೆ ಹತ್ತಿರವಾಗುತ್ತದೆ ಎಂದು ನನಗನಿಸುವುದು ಇದರಿಂದ.

ಅದೇ ಮಾತನ್ನು ಕೆರಿಬಿಯನ್ ಪಕ್ಕದ ಬೆಲೀಜ್ ಇನ್ನಷ್ಟು ಗಟ್ಟಿಯಾಗಿ ಹೇಳುತ್ತದೆ. ಅಲ್ಲಿ ಮೊಣಕಾಲುದ್ದದ ನೀರಿನ ಮರಳುದಿಣ್ಣೆಗಳ ಮೇಲೆ ಬೋನ್‌ಫಿಶ್, ಪರ್ಮಿಟ್, ಟಾರ್ಪನ್‌ಗಳನ್ನು ಕೃತಕ ನೊಣದ ಗಾಳದಿಂದ ಹಿಡಿಯುತ್ತಾರೆ. ಕಣ್ಣಿಗೆ ಬಿದ್ದ ಮೀನಿಗೇ ಗುರಿಯಿಟ್ಟು ಎಸೆಯಬೇಕು. ಆ ಮೀನನ್ನು ನೀರಿನ ನೆರಳು ಬೆಳಕಿನಲ್ಲಿ ಗುರುತಿಸಿ ತೋರಿಸುವವನು ಗೈಡ್. ಇಂಥ ಗೈಡ್‌ಗಳಲ್ಲಿ ಅನೇಕರು ಬಲೆ ಹಾಕುತ್ತಿದ್ದ ಕುಟುಂಬದವರು. ಬೆಲೀಜ್ 2009ರಲ್ಲಿ ಈ ಮೂರು ಮೀನುಗಳನ್ನು ಹಿಡಿದು ಬಿಡಲೇಬೇಕೆಂದು ಕಾನೂನು ಮಾಡಿತು, 2020ರಲ್ಲಿ ಗಿಲ್‌ನೆಟ್ ಬಲೆಯನ್ನೇ ನಿಷೇಧಿಸಿತು. ಆ ನಿಷೇಧಕ್ಕೆ ಒತ್ತಾಯಿಸಿದವರ ಮುಂಚೂಣಿಯಲ್ಲಿ ಗೈಡ್‌ಗಳಿದ್ದರು, ಬಲೆ ಬಿಟ್ಟುಕೊಟ್ಟವರಿಗೆ ಬೇರೆ ಜೀವನೋಪಾಯಕ್ಕೆ ನೆರವು ನೀಡುವ ಏರ್ಪಾಡೂ ಆಯಿತು. ಬಲೆ ಕಿತ್ತುಕೊಂಡು ಸುಮ್ಮನಾಗುವುದಕ್ಕೂ ಇದಕ್ಕೂ ಬಹಳ ಅಂತರವಿದೆ.

ಇಷ್ಟೆಲ್ಲ ಆದ ಮೇಲೂ ಒಂದು ಪ್ರಶ್ನೆ ಹಾಗೆಯೇ ಉಳಿಯುತ್ತದೆ. ತಿನ್ನುವುದಕ್ಕಲ್ಲದೆ, ಬರಿಯ ಸಂತೋಷಕ್ಕಾಗಿ ಒಂದು ಜೀವವನ್ನು ಕೊಕ್ಕೆಗೆ ಸಿಕ್ಕಿಸಿ ದಣಿಸುವುದು ಸರಿಯೇ? ಲಿನ್ ಸ್ನೆಡನ್ ಮತ್ತು ಸಂಗಡಿಗರು 2003ರಲ್ಲಿ ಟ್ರೌಟ್ ಮೀನಿನ ತಲೆಯಲ್ಲಿ ನೋವನ್ನು ಗ್ರಹಿಸುವ ನರತುದಿಗಳಿವೆಯೆಂದು ತೋರಿಸಿದ ಮೇಲೆ ಮೀನಿಗೆ ನೋವೇ ಇಲ್ಲವೆಂದು ಹೇಳುವುದು ಕಷ್ಟವಾಗಿದೆ. ಸ್ವಿಟ್ಜರ್ಲೆಂಡ್ ಬಿಡುವ ಉದ್ದೇಶದಿಂದಲೇ ಮೀನು ಹಿಡಿಯುವುದನ್ನು ನಿಷೇಧಿಸಿದೆ. ಅಲ್ಲಿಯ ನೀತಿಯಲ್ಲಿ ತಿನ್ನಲು ಹಿಡಿಯುವುದು ಒಪ್ಪಿತ, ಆಡಲು ಹಿಡಿಯುವುದು ಹಿಂಸೆ. ಮಧ್ಯ ಅಮೆರಿಕದ ಕಾನೂನು ಇದಕ್ಕೆ ನೇರ ತದ್ವಿರುದ್ಧ. ಸ್ವಿಸ್ ವಾದದಲ್ಲಿ ಪ್ರಾಮಾಣಿಕತೆಯಿದೆ, ಅದನ್ನು ತಳ್ಳಿಹಾಕಲು ನನ್ನಿಂದಾಗದು. ಮೀನಿಗೆ ಆಗುವ ಸಂಕಟ ನಿಜ. ಆದರೆ ಲಾಂಗ್‌ಲೈನಿನ ಕೊಕ್ಕೆಗೆ ಬಿದ್ದು ಗಂಟೆಗಟ್ಟಲೆ ಒದ್ದಾಡಿ ಸಾಯುವುದೂ ನಿಜ. ಒಂದನ್ನು ತಡೆಯಲು ಇನ್ನೊಂದು ಊರುಗೋಲಾಗಿರುವ ತನಕ ನಾನು ಗಾಳದವರ ಕಡೆ ನಿಲ್ಲುತ್ತೇನೆ, ಸಂಕಟವನ್ನು ಎಷ್ಟು ಕಡಿಮೆ ಮಾಡಬಹುದೋ ಅಷ್ಟು ಮಾಡಲೇಬೇಕೆಂಬ ಷರತ್ತಿನೊಂದಿಗೆ.

ಈ ವಾದ ನಮ್ಮ ಕಾವೇರಿಯ ದಡದಲ್ಲೇ ನಡೆದುಹೋಗಿದೆ. ಗಲಿಬೋರೆ, ಭೀಮೇಶ್ವರಿ, ದೊಡ್ಡಮಕಳಿಯ ಶಿಬಿರಗಳಿಗೆ ಮಹಶೀರ್ ಹಿಡಿದು ಬಿಡಲೆಂದೇ ಜಗತ್ತಿನ ಮೂಲೆಮೂಲೆಗಳಿಂದ ಜನ ಬರುತ್ತಿದ್ದರು. ಮೊದಲು ಮೀನು ಕದ್ದು ಹಿಡಿಯುತ್ತಿದ್ದ ಕೆಲವರು ಅಲ್ಲಿ ಗೈಡ್‌ಗಳಾಗಿ, ಕಾವಲುಗಾರರಾಗಿ ಕೆಲಸ ಮಾಡಿದರು. ವನ್ಯಧಾಮದೊಳಗೆ ಮೀನು ಹಿಡಿಯುವುದು, ಹಿಡಿದು ಬಿಟ್ಟರೂ, ಬೇಟೆಯೇ ಎಂಬ ವ್ಯಾಖ್ಯಾನ ಬಂದು 2010ರ ನಂತರದ ಒಂದೆರಡು ವರ್ಷಗಳಲ್ಲಿ ಅದು ನಿಂತಿತು. ಶಿಬಿರದ ಗಾಳಗಾರರು ಬರೆದಿಟ್ಟಿದ್ದ ಪುಸ್ತಕಗಳನ್ನೇ ಆಧರಿಸಿ ಏಡ್ರಿಯನ್ ಪಿಂಡರ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನ ಒಂದು ಕಹಿ ಸತ್ಯ ಹೊರಗೆಳೆಯಿತು: ಮಹಶೀರ್ ಸಂಖ್ಯೆ ಒಟ್ಟಿನಲ್ಲಿ ಹೆಚ್ಚುತ್ತಿತ್ತು, ಆದರೆ ಕಾವೇರಿಯದೇ ಆದ ಡುಬ್ಬದ ಮಹಶೀರ್ ಕಣ್ಮರೆಯಾಗುತ್ತ ಹೊರಗಿನಿಂದ ತಂದು ಬಿಟ್ಟ ನೀಲಿರೆಕ್ಕೆಯ ಜಾತಿ ಅದರ ಜಾಗ ಹಿಡಿದಿತ್ತು. 2018ರಲ್ಲಿ ಡುಬ್ಬದ ಮಹಶೀರ್ ಅತ್ಯಂತ ಅಪಾಯದಲ್ಲಿರುವ ಜೀವಿಗಳ ಪಟ್ಟಿ ಸೇರಿತು. ಗಾಳದವರು ಒಳ್ಳೆಯ ಮನಸ್ಸಿನಿಂದಲೇ ಮರಿ ಬಿಡುವುದನ್ನು ಬೆಂಬಲಿಸಿದ್ದರು, ಅದೇ ಕೆಡುಕಾಯಿತು. ಹಾಗೆಂದು ಅವರು ಬರೆದಿಡದೇ ಹೋಗಿದ್ದರೆ ಮೀನು ಮಾಯವಾದದ್ದು ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಭಾರತದ ಕಡಲಿನಲ್ಲಿ ಇಂಥ ಪ್ರವಾಸ ಬೇರೂರಿರುವುದು ಮುಖ್ಯವಾಗಿ ಅಂಡಮಾನಿನಲ್ಲಿ. ಜೈಂಟ್ ಟ್ರೆವಲಿ ಎಂಬ ಬಲಶಾಲಿ ಮೀನಿಗಾಗಿ ಹವಳದ ದಿಬ್ಬಗಳ ಮೇಲೆ ಗಾಳ ಎಸೆಯಲು ಬೆಂಗಳೂರಿನವರೂ ಹೋಗುತ್ತಾರೆ. ಅಲ್ಲಿಯೂ ಬಿಟ್ಟುಬಿಡುವ ರೂಢಿ ಬೆಳೆದಿದೆ. ಕೋಸ್ಟರಿಕಾದಂತೆ ಕಾನೂನಿನ ಬಲ ಅದಕ್ಕಿನ್ನೂ ಬಂದಿಲ್ಲ.

ಮಧ್ಯ ಅಮೆರಿಕದಲ್ಲಿ ಈಗ ಬಿಸಿಯೇರಿರುವ ಚರ್ಚೆ ಬೇರೆ. ಕಳೆದ ದಶಕದಿಂದ ಕೋಸ್ಟರಿಕಾದ ದೊಡ್ಡ ದೋಣಿಗಳು ನೂರು ಮೈಲಿ ಆಚೆ, ಕಡಲಡಿಯ ಬೆಟ್ಟಗಳ ಮೇಲೆ, ನೀರಿನೊಳಗೆ ತೇಲುಗಳನ್ನು ಕಟ್ಟಿ ನಿಲ್ಲಿಸುತ್ತಿವೆ. ತೇಲಿನ ಸುತ್ತ ಸಣ್ಣ ಮೀನು ಸೇರುತ್ತದೆ, ಅದಕ್ಕೆ ನೀಲಿ ಮಾರ್ಲಿನ್ ಮುತ್ತುತ್ತದೆ. ಹಿಂದೆ ದಿನಕ್ಕೊಂದು ಮಾರ್ಲಿನ್ ಸಿಕ್ಕರೆ ಹಬ್ಬ. ಈಗ ರಾತ್ರಿ ಕಡಲಿನಲ್ಲೇ ತಂಗಿ ಒಂದೇ ದಿನ ಹತ್ತು ಹದಿನೈದು ಬಿಟ್ಟುಬಂದೆವೆನ್ನುವವರಿದ್ದಾರೆ. ನನಗೆ ಇದು ಸರಿಬರುವುದಿಲ್ಲ. ತೆಳು ಪದರದಲ್ಲಿ ಮೊದಲೇ ಇಕ್ಕಟ್ಟಾಗಿರುವ ಮೀನನ್ನು ಒಂದು ಬಿಂದುವಿಗೆ ಕಲೆಹಾಕಿ, ಅದೇ ಮೀನು ವಾರದಲ್ಲಿ ಎಷ್ಟು ಸಲ ಕೊಕ್ಕೆಗೆ ಬೀಳುತ್ತದೆಂದು ನೋಡದೆ, ಬಿಟ್ಟದ್ದನ್ನೇ ಪುಣ್ಯವೆಂದು ಎಣಿಸುವುದು ಹೇಗೆ? ಜೊತೆಗೆ ಆ ತೇಲುಗಳ ಜಾಗ ಲಾಂಗ್‌ಲೈನಿನವರಿಗೂ ಗೊತ್ತಾಗುತ್ತದೆ. ತೇಲಿಗೆ ಪರವಾನಗಿ, ಒಂದು ದೋಣಿ ದಿನಕ್ಕೆ ಹಿಡಿಯಬಹುದಾದ ಮೀನಿಗೆ ಮಿತಿ, ಇವೆರಡನ್ನು ಕೇಳುವ ಹಕ್ಕು ಗಾಳದವರಿಗೇ ಮೊದಲು ಇರಬೇಕು, ಏಕೆಂದರೆ ಪರ್ಸೀನ್ ಹಡಗಿಗೆ ಮಿತಿ ಹಾಕಿಸಿದವರು ಅವರೇ.

ಅಲ್ಲಿಗೆ ಹೋಗುವ ಕನ್ನಡಿಗರಿದ್ದರೆ, ಅಮೆರಿಕದಲ್ಲಿ ನೆಲೆಸಿದವರಲ್ಲಿ ಇದ್ದಾರೆ ಕೂಡ, ದೋಣಿ ಗೊತ್ತುಮಾಡುವ ಮೊದಲು ಕೇಳಬೇಕಾದ ಸಂಗತಿಗಳು ಹೆಚ್ಚಿಲ್ಲ. ಎರೆಗೆ ಕಟ್ಟುವುದು ಯಾವ ಕೊಕ್ಕೆ? ಮೀನನ್ನು ನೀರಿನಲ್ಲೇ ಇಟ್ಟು ಬಿಡುತ್ತಾರೆಯೇ? ಕ್ಯಾಪ್ಟನ್ ಆ ಊರಿನವನೇ, ದೋಣಿ ಯಾರದು? ಟಿಪ್ಸ್ ಬಾಡಿಗೆಯಲ್ಲೇ ಸೇರಿದೆ ಎಂದರೆ ಅದು ಮರಿನೆರೊನ ಕೈಗೆ ತಲುಪುತ್ತದೆಯೇ, ಅಥವಾ ಕೈಗೇ ಕೊಡುವುದು ಒಳ್ಳೆಯದೇ? ಡೊರಾಡೊ ಸಿಕ್ಕರೆ ನಿಮ್ಮ ಊಟಕ್ಕೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದು ಯಾರ ಮನೆಗೆ ಹೋಗುತ್ತದೆ? ಒಳ್ಳೆಯ ದೋಣಿಯವರು ಈ ಪ್ರಶ್ನೆಗಳಿಗೆ ಸಂತೋಷದಿಂದ ಉತ್ತರ ಕೊಡುತ್ತಾರೆ. ಕೇಳುವವರು ಹೆಚ್ಚಾದಂತೆ, ಮರೀನಾದಲ್ಲಿ ಪಕ್ಕಪಕ್ಕ ನಿಲ್ಲುವ ದೋಣಿಗಳಲ್ಲಿ ಉಳಿದವರೂ ಉತ್ತರ ಸಿದ್ಧ ಮಾಡಿಕೊಳ್ಳಬೇಕಾಗುತ್ತದೆ.